ಇಲಿಯ ಮುಂದೆ ಸರ್ವಧರ್ಮ

ಹಂಸವೇಣಿ ಎಂಬಾಕೆ ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುತ್ತಿದ್ದಳು. ಯಾವ ಮತದ ಗಿರಾಕಿಯೂ ಮುನಿಸಿಕೊಳ್ಳಬಾರದೆಂದು ಒಂದು ಕಾರ್ಡಿನ ನಾಲ್ಕು ಮೂಲೆಗಳಲ್ಲಿ ತಾವರೆ, ಶಿಲುಬೆ, ಅರ್ಧಚಂದ್ರ, ಧರ್ಮಚಕ್ರಗಳನ್ನು ಬರೆಸಿದ್ದಳು. ಒಂದು ದಿನ ಅವಳು ಚಹಾ ತರಲು ಎದ್ದುಹೋದದ್ದೇ ತಡ, ನಾಲ್ಕೂ ಜಗಳಕ್ಕೆ ನಿಂತವು.

"ಎಲ್ಲರಿಗಿಂತ ಹಿರಿಯಳು ನಾನು" ಎಂದಿತು ತಾವರೆ.

"ವಯಸ್ಸಾದ ಮಾತ್ರಕ್ಕೆ ದೊಡ್ಡವರಾಗುತ್ತಾರೆಯೇ? ನನ್ನೆದುರು ರಾಜರೇ ಮಂಡಿಯೂರುತ್ತಾರೆ" ಎಂದಿತು ಶಿಲುಬೆ.

"ನೀವೆಲ್ಲ ನೆಲದವರು. ನಾನಿರುವುದು ಆಕಾಶದಲ್ಲಿ" ಎಂದಿತು ಅರ್ಧಚಂದ್ರ.

"ಅಹಂಕಾರ ಬಿಟ್ಟವರಲ್ಲಿ ನನ್ನನ್ನು ಮೀರಿಸಿದವರೇ ಇಲ್ಲ" ಎಂದಿತು ಚಕ್ರ.

ಗದ್ದಲ ಕೇಳಿ ಹಸಿದ ಇಲಿಯೊಂದು ಮೇಜು ಹತ್ತಿ ಬಂತು. "ನಿಮ್ಮಲ್ಲಿ ದೊಡ್ಡವರು ಯಾರು? ಅವರಿಂದಲೇ ತಿನ್ನಲು ಶುರುಮಾಡುತ್ತೇನೆ. ಹಿರಿಯರಿಗೆ ಮರ್ಯಾದೆ ತಪ್ಪಬಾರದು ನೋಡಿ" ಎಂದಿತು.

ನಾಲ್ಕಕ್ಕೂ ಬೆವರೊಡೆಯಿತು.

"ಶಿಲುಬೆಯಣ್ಣನೇ ದೊಡ್ಡವನು!" ಎಂದಿತು ತಾವರೆ.

"ಛೆ ಛೆ, ತಾವರೆಯಕ್ಕನ ಮುಂದೆ ನಾನೆಷ್ಟರವನು?" ಎಂದಿತು ಶಿಲುಬೆ. ಚಂದ್ರ ಚಕ್ರವನ್ನು ಕೊಂಡಾಡಿತು, ಚಕ್ರ ಚಂದ್ರನನ್ನು ಇನ್ನೂ ಎತ್ತರಕ್ಕೇರಿಸಿತು.

ತಾವರೆ ಕಡೆಯ ಯತ್ನ ಮಾಡಿತು: "ಇಲಿರಾಯಾ, ನೀನು ಗಣಪತಿಯ ವಾಹನವಲ್ಲವೇ? ನಮ್ಮವನೇ ಅಲ್ಲವೇ?"

"ಹೌದಮ್ಮ, ಆದರೆ ಇವತ್ತು ರಜೆ" ಎಂದಿತು ಇಲಿ. ಆಮೇಲೆ ಮೀಸೆ ನೀವಿಕೊಂಡು, "ನಿಮ್ಮ ವಿನಯ ಕಂಡು ಕಣ್ಣು ತುಂಬಿ ಬಂತು. ಇಂಥ ಸಜ್ಜನರಲ್ಲಿ ಭೇದ ಮಾಡಿದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ" ಎಂದು ಕಾರ್ಡನ್ನು ನಟ್ಟನಡುವಿನಿಂದ ಕಡಿಯತೊಡಗಿತು.