ಯಾವ ಪಿನೊ ನ್ವಾರ್ ಮೇಲು?

ಮಂಗಳೂರಿನ ಒಂದು ಮದುವೆಗೆ ವರನ ಸೋದರಮಾವ ಫ್ರಾನ್ಸಿನ ಪಿನೊ ನ್ವಾರ್ ವೈನನ್ನು ಪೆಟ್ಟಿಗೆಗಟ್ಟಲೆ ತಂದಿದ್ದರು. ವಧುವಿನ ಸೋದರಮಾವ ನ್ಯೂಜಿಲೆಂಡಿನದನ್ನು ತಂದಿದ್ದರು. ಇಬ್ಬರೂ ಅತಿಥಿಗಳಿಗೆ ಚಮಚದಷ್ಟು ಕೊಟ್ಟು, ಭಾಷಣ ಮಾತ್ರ ಧಾರಾಳವಾಗಿ ಬಿಗಿದರು.

"ನಮ್ಮದರಲ್ಲಿ ಒದ್ದೆ ಮಣ್ಣಿನ ಪರಿಮಳ!"

"ನಮ್ಮದರಲ್ಲಿ ಮಾಗಿದ ಚೆರಿಯ ರುಚಿ!"

ಮಾತು ಜಗಳಕ್ಕೆ ತಿರುಗಿತು. ಕೊನೆಗೆ ಬಡಿಸುತ್ತಿದ್ದ ಸೆವ್ರಿನಾಳನ್ನು ತಡೆದು, "ಯಾವುದು ಮೇಲು? ಈಗಲೇ ಹೇಳು!" ಎಂದರು.

ಒಬ್ಬರದನ್ನು ಹೊಗಳಿದರೆ ಇನ್ನೊಬ್ಬರು ಊಟ ಬಿಟ್ಟು ಏಳುವುದು ಖಂಡಿತವಾಗಿತ್ತು.

"ಜನ ಯಾವುದನ್ನು ಮೊದಲು ಕುಡಿದು ಮುಗಿಸ್ತಾರೋ ಅದೇ ಮೇಲು," ಎಂದಳು ಸೆವ್ರಿನಾ.

ಮಾವಂದಿರು ಬಾಟಲಿ ಹಿಡಿದು ಮೇಜಿನಿಂದ ಮೇಜಿಗೆ ಓಡಿದರು. ಬೇಡವೆಂದವರ ಲೋಟವೂ ತುಂಬಿತು. ಅಡುಗೆಯವರಿಗೂ ಸಿಕ್ಕಿತು. ಬ್ಯಾಂಡಿನವರು ಕುಡಿದು ಬೈಲಾ ಕುಣಿತದ ಹಾಡು ಶುರುಮಾಡಿದರು. ತೆರೆದ ಬಾಟಲಿಗಳೆಲ್ಲ ಒಟ್ಟಿಗೇ ಬರಿದಾದವು.

"ಗೆದ್ದವರ್ಯಾರು?" ಮಾವಂದಿರು ಏದುಸಿರು ಬಿಡುತ್ತ ಕೇಳಿದರು.

"ಸಮ ಆಯ್ತಲ್ಲ ಮಾರಾಯ್ರೇ," ಎಂದಳು ಸೆವ್ರಿನಾ. "ಇನ್ನೊಂದೊಂದು ಪೆಟ್ಟಿಗೆ ಬಿಚ್ಚಿ!"