ಹಲ್ಲಿಯ ಸಾಕ್ಷಿ

ಗ್ರಂಥಾಲಯದ ಕಪಾಟಿನಲ್ಲಿ ಜಾಗ ಸಾಲದೆ ಒಂದು ಪುಸ್ತಕವನ್ನು ರದ್ದಿಗೆ ಹಾಕಬೇಕಾಗಿ ಬಂತು. ಯಾವುದೆಂದು ತೀರ್ಮಾನಿಸಲು ದಪ್ಪ ನಿಘಂಟು ಸಭೆ ಕರೆಯಿತು.

ಅದು ಒಂದು ಕಾದಂಬರಿಯನ್ನು ತೋರಿಸಿ, "ಬೇರೆ ಗ್ರಹವಂತೆ! ಅಲ್ಲಿಯವರ ಕೈ ಕಡಿದರೆ ಮತ್ತೆ ಚಿಗುರುತ್ತದಂತೆ! ಇಂಥ ಸುಳ್ಳು ಇಲ್ಲಿ ಯಾಕಿರಬೇಕು?" ಎಂದಿತು.

ಮುಂಗಾಲೊಂದನ್ನು ಕಳೆದುಕೊಂಡಿದ್ದ ಅಳಿಲು ದಿನವೂ ಕಿಟಕಿಯಲ್ಲಿ ಕೂತು ಆ ಪುಸ್ತಕವನ್ನೇ ಓದುತ್ತಿತ್ತು. "ಸ್ವಾಮಿ, ನನ್ನ ಕಾಲು ಮತ್ತೆ ಬರುವುದಿಲ್ಲವೆಂದು ನನಗೂ ಗೊತ್ತು. ಆದರೂ ಆ ಪುಟ ಓದಿದ ದಿನ ನಾನು ಮರ ಹತ್ತುತ್ತೇನೆ. ದಯವಿಟ್ಟು ಅದನ್ನು ಉಳಿಸಿ," ಎಂದು ಬೇಡಿಕೊಂಡಿತು.

"ಕಡಿದುಹೋದದ್ದು ಯಾವ ಲೋಕದಲ್ಲೂ ಮತ್ತೆ ಬೆಳೆಯುವುದಿಲ್ಲ," ಎಂದಿತು ನಿಘಂಟು.

ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು. ದೊಡ್ಡವರು ಮಾತು ಮುಗಿಸಿದೊಡನೆ ಲೊಚಗುಟ್ಟುವುದು ಅದರ ರೂಢಿ.

"ಕೇಳಿದಿರಾ, ಹಲ್ಲಿ ನುಡಿಯಿತು! ಸತ್ಯ, ಸತ್ಯ!" ಎಂದು ಪುಸ್ತಕಗಳೆಲ್ಲ ಕೂಗಿದವು. ಕಾದಂಬರಿ ರದ್ದಿಯ ಚೀಲಕ್ಕೆ ಬಿತ್ತು. ಚೀಲ ಗಾಡಿ ಹತ್ತಿ ಹೊರಟೇಹೋಯಿತು.

ಆಗ ಅಳಿಲು ತಲೆಯೆತ್ತಿ ಕೇಳಿತು: "ಹಲ್ಲಿಯಮ್ಮ, ಹೋದ ತಿಂಗಳು ಬೆಕ್ಕಿನ ಬಾಯಿಗೆ ನಿಮ್ಮ ಬಾಲ ಬಿಟ್ಟು ಓಡಿದ್ದಿರಿ. ಈಗ ನಿಮ್ಮ ಬೆನ್ನ ಹಿಂದೆ ಇರುವುದು ಏನು?"

ಇನ್ನೂ ಪೂರ್ತಿ ಬೆಳೆಯದ ಆ ಮೋಟು ಬಾಲವನ್ನೇ ಸಭೆಯೆಲ್ಲ ನೋಡುತ್ತಿತ್ತು. ಹಲ್ಲಿ ಮೆಲ್ಲಗೆ ಹಿಂದುಹಿಂದಕ್ಕೆ ಸರಿದು, ಮೊದಲು ಬಾಲವನ್ನು ಗೋಡೆ ಗಡಿಯಾರದ ಹಿಂದೆ ಅಡಗಿಸಿತು, ಆಮೇಲೆ ಮುಖವನ್ನು.