ಆಚೆ ದಡದ ಚಾಪೆ

"ಯಾರನ್ನೂ ತಡೆಯಬಾರದು ಎಂದು ಬರೆದಿದ್ದೇವೆ ಅಮ್ಮ. ಬಾಗಿಲು ತೆರೆದೇ ಇದೆ. ಆದರೂ ಕೆಲವರು ಒಳಗೆ ಬರುವುದಿಲ್ಲ. ತೆರೆದ ಬಾಗಿಲಿನಿಂದಲೂ ಬಾರದವರಿಗೆ ಹೊಣೆ ಯಾರು?"

ಹೀಗೆ ಕೇಳಿದವಳು ಮಂದಾಕಿನಿ. ವಿಶ್ವವಿದ್ಯಾನಿಲಯದ ಶಿಕ್ಷಣ ವಿಭಾಗಕ್ಕೆ ಅವಳು ಮುಖ್ಯಸ್ಥೆ. ಎಲ್ಲ ಜಾತಿಯ, ಎಲ್ಲ ಸೀಮೆಯ, ಎಲ್ಲ ಬಗೆಯ ಮಕ್ಕಳನ್ನೂ ಒಳಗೊಳ್ಳುವಂಥ ಒಂದು ನೀತಿಯನ್ನು ವಿಭಾಗಕ್ಕೆ ರೂಪಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ನೀತಿ ಸಿದ್ಧವಾಗಿತ್ತು. ಮಾರನೆಯ ದಿನ ಅದು ಒಪ್ಪಿಗೆಗೆ ಹೋಗಬೇಕು. ಹೋಗುವ ಮುನ್ನ, ತನಗೆ ಪಾಠ ಹೇಳಿದ ದಾಕ್ಷಾಯಣಮ್ಮನವರ ಬಾಯಿಂದ ಒಂದು ಮೆಚ್ಚುಗೆಯ ಮಾತು ಕೇಳಬೇಕೆಂಬ ಆಸೆಯಿಂದ ಅವಳು ಬಂದಿದ್ದಳು.

ದಾಕ್ಷಾಯಣಮ್ಮ ಮೊರವನ್ನು ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

"ಬಾರದವರು ಅಂದರೆ ಯಾರು?" ಎಂದರು.

"ಕೇತಮ್ಮ ಅಂತ ಒಬ್ಬಳು ವಿದ್ಯಾರ್ಥಿನಿ. ಕಾಡಂಚಿನ ಸೋಲಿಗರ ಪೋಡಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಅಂಥವರ ಮಾತೂ ಇರಲಿ ಎಂದು ಅವಳನ್ನು ಸಮಿತಿಗೆ ಸೇರಿಸಿಕೊಂಡೆವು. ಬೆಳಗಿನ ಸಭೆಗಳಿಗೆ ಒಮ್ಮೆಯೂ ಬರಲಿಲ್ಲ. ಆಸಕ್ತಿ ಇಲ್ಲವೋ, ಸಂಕೋಚವೋ. ಅವಳ ಕುರ್ಚಿಯಲ್ಲಿ ಮಾತ್ರ ನಾನು ಇನ್ನೊಬ್ಬರನ್ನು ಕೂರಿಸಲಿಲ್ಲ. ಅವಳ ಪರವಾಗಿ ಹೇಳಬೇಕಾದದ್ದನ್ನೆಲ್ಲ ನಾನೇ ಹೇಳಿದೆ."

"ಚೆನ್ನಾಗಿ ಹೇಳಿದೆಯಾ?"

"ಚೆನ್ನಾಗಿಯೇ ಹೇಳಿದೆ ಅಮ್ಮ. ಎಲ್ಲರೂ ತಲೆದೂಗಿದರು."

"ತಲೆದೂಗದೆ ಏನು ಮಾಡುತ್ತಾರೆ? ನನ್ನ ಕೈಯಲ್ಲಿ ಕಲಿತವಳು ನೀನು," ಎಂದು ದಾಕ್ಷಾಯಣಮ್ಮ ನಕ್ಕರು. ಒಂದು ಹಿಡಿ ಅವರೆಕಾಯಿಯನ್ನು ಅವಳ ಮುಂದೆ ಸುರಿದರು. "ಸುಲಿಯುತ್ತ ಕೇಳು. ಒಂದು ಕತೆ ಇದೆ."

ಒಂದು ಹೊಳೆಯ ದಡದಲ್ಲಿ ಒಬ್ಬ ಆಚಾರ್ಯ ಪಾಠಶಾಲೆ ನಡೆಸುತ್ತಿದ್ದ. ನ್ಯಾಯವಂತ. ಬೇಡವೆಂದು ಯಾರನ್ನೂ ಕಳಿಸಿದವನಲ್ಲ. ಕುಲ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಒಂದೇ ಒಂದು ಕಟ್ಟಳೆ ಇತ್ತು. ಬೆಳಗಿನ ಗಂಟೆಯಾದ ಮೇಲೆ ಬಾಗಿಲು ಹಾಕುತ್ತಿದ್ದರು. ಹಾಕಿದ ಬಾಗಿಲನ್ನು ಪಾಠ ಮುಗಿಯುವವರೆಗೆ ಯಾರಿಗೂ ತೆಗೆಯುತ್ತಿರಲಿಲ್ಲ. ಒಮ್ಮೆ ಅರಸನ ಮಗನೇ ತಡವಾಗಿ ಬಂದು ಹೊರಗೆ ನಿಂತಿದ್ದನಂತೆ. ಅದನ್ನು ಹೇಳಿಕೊಳ್ಳುವಾಗ ಶಿಷ್ಯರಿಗೆ ಹೆಮ್ಮೆ.

ಕಟ್ಟಳೆಗೆ ಕಾರಣವಿತ್ತು. ಗಂಟೆಯಾದ ಕೂಡಲೇ ಆಚಾರ್ಯ, "ಎಲ್ಲರೂ ಬಂದಿರಾ?" ಎಂದು ಕೇಳುತ್ತಿದ್ದ. ಕುಳಿತವರು, "ಬಂದೆವು," ಎನ್ನುತ್ತಿದ್ದರು. ಆಮೇಲೆ ಪ್ರಾರ್ಥನೆ. ಅದನ್ನು ಒಟ್ಟಿಗೆ ಹೇಳುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲನೆಯವನು ತನ್ನ ಸಾಲು ಹೇಳಿ ಬಿಟ್ಟಲ್ಲಿ ಪಕ್ಕದವನು ಹಿಡಿಯಬೇಕು. ಹೂವಿನ ಮಾಲೆ ಕಟ್ಟಿದ ಹಾಗೆ. ನಡುವೆ ಯಾರಾದರೂ ಬಾಗಿಲು ತಳ್ಳಿದರೆ ದಾರ ಕಡಿಯುತ್ತದೆ ಎಂದು ಅವರ ನಂಬಿಕೆ.

ಪಾಠಶಾಲೆಗೆ ಆಚೆ ದಡದಿಂದ ಯಾರೂ ಬಂದಿರಲಿಲ್ಲ. ಬರಲಿ ಎಂಬುದು ಆಚಾರ್ಯನ ಬಹುಕಾಲದ ಆಸೆ. ಅದಕ್ಕಾಗಿ ಅವನು ಸಾಲಿನ ನಡುವೆ ಒಂದು ಚಾಪೆಯನ್ನು ಅವರ ಹೆಸರಿನಲ್ಲಿ ಹಾಸಿಸಿದ್ದ. ದಿನವೂ ಬೆಳಿಗ್ಗೆ ಅದನ್ನು ಬಿಡಿಸಿ ಹಾಸುವರು, ಪಾಠ ಮುಗಿದ ಮೇಲೆ ಸುತ್ತಿ ಇಡುವರು. ಉಳಿದವರ ಚಾಪೆಗಳು ಕುಳಿತು ಕುಳಿತು ಸವೆದಿದ್ದವು. ಆ ಒಂದು ಚಾಪೆ ಮಾತ್ರ ನೆಯ್ದ ದಿನ ಹೇಗಿತ್ತೋ ಹಾಗೇ ಇತ್ತು. ಅದಕ್ಕೂ ಒಂದು ಸಾಲು ಮೀಸಲಾಗಿತ್ತು. "ಹೊಳೆಗೆ ದಡ ಎರಡು, ನೀರು ಒಂದೇ" ಎಂಬುದು ಆ ಸಾಲು. ಸರದಿ ಚಾಪೆಗೆ ಬಂದಾಗ ಮಾಲೆ ಕಡಿಯಬಾರದೆಂದು ಆಚಾರ್ಯನೇ ಅದನ್ನು ಹೇಳುತ್ತಿದ್ದ. ಬೇರೆ ಯಾವ ಸಾಲನ್ನೂ ಅವನು ಅಷ್ಟು ಪ್ರೀತಿಯಿಂದ ಹೇಳುತ್ತಿರಲಿಲ್ಲ. ಹೇಳಿದ ಮೇಲೆ ಒಂದು ಕ್ಷಣ ಖಾಲಿ ಚಾಪೆಯನ್ನು ನೋಡುತ್ತಿದ್ದ.

ಆಚೆ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಒಬ್ಬಳು ಮಗಳು. ಹರಿಗೋಲಿನ ಒಂದು ಹುಟ್ಟು ತಂದೆಯ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಆ ದಡದವರು ಈ ದಡಕ್ಕೆ ಬರಬೇಕಾದರೆ ಬೆಳಗಿನ ಆ ಹರಿಗೋಲೇ ಗತಿ.

ಪಾಠಶಾಲೆಯಲ್ಲಿ ಆಚೆ ದಡದವರಿಗೂ ಚಾಪೆ ಹಾಸಿದೆ ಎಂಬ ಸುದ್ದಿ ಕೇಳಿದ ದಿನ ಮಗಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಒಗೆದ ಸೀರೆ ಉಟ್ಟಳು. ಹರಿಗೋಲು ದಡ ಮುಟ್ಟಿದ ಕೂಡಲೇ ಇಳಿದು ಓಡಿದಳು. ಬಾಗಿಲು ಹಾಕಿತ್ತು. ಬಾಗಿಲ ಬಳಿ ಕುಳಿತಿದ್ದ ಶಿಷ್ಯನೊಬ್ಬ ಒಳಗಿನಿಂದಲೇ ಮೆತ್ತಗೆ, "ಗಂಟೆ ಆಯಿತಮ್ಮ. ನಾಳೆ ಬೇಗ ಬಾ," ಎಂದ. ಅವನ ದನಿಯಲ್ಲಿ ಕೆಡುಕು ಇರಲಿಲ್ಲ.

ಮಾರನೆಯ ದಿನವೂ ಬಾಗಿಲು ಹಾಕಿತ್ತು. ಅದರ ಮಾರನೆಯ ದಿನವೂ ಹಾಗೇ. ಹರಿಗೋಲು ನಡುಹೊಳೆಯಲ್ಲಿ ಇರುವಾಗಲೇ ದಿನವೂ ಗಂಟೆಯ ಸದ್ದು ನೀರ ಮೇಲೆ ಬರುತ್ತಿತ್ತು. ಹರಿಗೋಲಿನಲ್ಲಿದ್ದ ಒಬ್ಬ ಕುಂಬಾರ, "ಏನವ್ವ, ಆ ಗಂಟೆ ನಿನ್ನನ್ನ ಕರೆಯೋದಕ್ಕೆ ಹೊಡೀತಾರೋ, ಓಡಿಸೋದಕ್ಕೆ ಹೊಡೀತಾರೋ?" ಎಂದು ಚುಡಾಯಿಸುತ್ತಿದ್ದ. ಅವಳು ನಗುತ್ತಿದ್ದಳು. ಗಂಟೆ ನಿಂತ ಮೇಲೂ ಅವಳ ಕಿವಿ ಅಲ್ಲೇ ಇರುತ್ತಿತ್ತು.

ಇಳಿದ ಜನ ತಮ್ಮ ತಮ್ಮ ದಾರಿ ಹಿಡಿದ ಮೇಲೆ ಅವಳು ಹೋಗಿ ಬಾಗಿಲ ಸಂದಿಗೆ ಕಣ್ಣಿಡುತ್ತಿದ್ದಳು. ಸಂದಿಯಿಂದ ಬೇರೇನೂ ಕಾಣದಿದ್ದರೂ ಆ ಚಾಪೆಯ ಒಂದು ಅಂಚು ಕಾಣುತ್ತಿತ್ತು. ಪ್ರಾರ್ಥನೆ ಒಬ್ಬರಿಂದ ಒಬ್ಬರಿಗೆ ಬಂದು ಚಾಪೆಯನ್ನು ತಲುಪುವುದು. ಅವಳು ತುಟಿ ತೆರೆಯುವಳು. ಅಷ್ಟರಲ್ಲಿ ಆಚಾರ್ಯ ಅವಳ ಸಾಲನ್ನು ಹೇಳಿಬಿಡುವನು. ತಂದೆ ಕಡವಿನಿಂದ ಕೂಗಿದಾಗ ಅವಳು ಹಿಂದಿರುಗಿ ಹುಟ್ಟು ಹಿಡಿಯುವಳು.

ಎಲ್ಲ ಪಾಠ ಬೇಕೆಂದು ಅವಳು ಆಸೆಪಟ್ಟವಳಲ್ಲ. ಒಂದು ಬೆಳಿಗ್ಗೆ ಆ ಚಾಪೆಯ ಮೇಲೆ ಕುಳಿತು, ಪಕ್ಕದವರು ಬಿಟ್ಟಲ್ಲಿ ಹಿಡಿದು, ತನ್ನ ಸಾಲನ್ನು ತನ್ನ ಬಾಯಿಂದ ಹೇಳಬೇಕು. ಉಣ್ಣುವಾಗ ಅದನ್ನೇ ಗುನುಗುವಳು. ಹರಿಗೋಲಿಗೆ ಸೇರಿದ ನೀರನ್ನು ಮೊಗೆದು ಚೆಲ್ಲುವಾಗಲೂ ಅದನ್ನೇ. ಕೇಳಿ ಕೇಳಿ ತಂದೆಗೂ ಅದು ಬಾಯಿಗೆ ಬಂದಿತ್ತು.

ಹರಿಗೋಲು ತಡವಾಗುವುದಕ್ಕೆ ಒಂದು ಕಾರಣವಿತ್ತು. ಅಂಬಿಗನ ವಂಶದಲ್ಲಿ ಒಂದು ವಾಡಿಕೆ. ಹಗ್ಗ ಬಿಚ್ಚುವ ಮುನ್ನ ಅವನು ಕುಳಿತವರಿಗೆ ಬೆನ್ನು ಮಾಡಿ, ದಾರಿಯ ಕಡೆ ಮುಖ ಮಾಡಿ ನಿಲ್ಲುವನು. "ಬರೋರಿದ್ದೀರಾ?" ಎಂದು ಉದ್ದಕ್ಕೆ ಕೂಗುವನು. ಎಲ್ಲೋ ದೂರದಿಂದ, "ಬಂದೆ, ಬಂದೆ," ಎಂದು ಮರುದನಿ ಬರುವುದು. ಕಾಲು ಎಳೆಯುವವನೊಬ್ಬ, ಸೌದೆ ಹೊತ್ತವಳೊಬ್ಬಳು, ಮಗುವನ್ನು ಎತ್ತಿಕೊಂಡವಳೊಬ್ಬಳು. ಅವರು ಬಂದು ಕುಳಿತ ಮೇಲೆ ಮತ್ತೆ ಕೂಗುವನು. ಮರುದನಿ ಬಾರದಿದ್ದಾಗಲೇ ಹಗ್ಗ ಬಿಚ್ಚುವುದು.

ಮಗಳು ಒಂದು ದಿನ ಕೇಳಿಯೇಬಿಟ್ಟಳು. "ಅಪ್ಪಾ, ಹರಿಗೋಲು ತುಂಬಿರುತ್ತಲ್ಲ, ಮತ್ತೆ ಯಾಕೆ ಕೂಗಬೇಕು?"

"ಹರಿಗೋಲು ತುಂಬಿದ್ದು ಕಣ್ಣಿಗೆ ಗೊತ್ತಾಗುತ್ತೆ ಮಗಳೇ," ಎಂದ ತಂದೆ. "ದಾರಿ ಖಾಲಿ ಆದದ್ದು ಕೂಗಿದರೇ ಗೊತ್ತಾಗೋದು."

ಅವಳು ಮತ್ತೆ ಕೇಳಲಿಲ್ಲ. ಆದರೆ ಗುನುಗುವುದನ್ನು ಬಿಟ್ಟಳು. ಗುನುಗುತ್ತಿದ್ದಾಗ ಸಹಿಸಿಕೊಂಡಿದ್ದ ತಂದೆಗೆ ಆ ಮೌನವನ್ನು ಸಹಿಸಲಾಗಲಿಲ್ಲ. "ನಾಳೆ ಕೂಗೋದಿಲ್ಲ," ಎಂದ. "ಬಂದಷ್ಟು ಜನರನ್ನ ಹತ್ತಿಸಿಕೊಂಡು ಹೊರಡೋಣ. ಒಂದು ದಿನಕ್ಕೆ ಹೊಳೆ ಮುನಿಯೋದಿಲ್ಲ."

ಮರುದಿನ ಕೂಗದೆಯೇ ಹಗ್ಗ ಬಿಚ್ಚಿದರು. ನೀರು ತಿಳಿಯಾಗಿತ್ತು. ಹರಿಗೋಲು ಸರಾಗವಾಗಿ ಸಾಗಿತು. ನಡುಹೊಳೆ ದಾಟಿದಾಗ ಎದುರು ದಡದಲ್ಲಿ ಪಾಠಶಾಲೆ ಕಂಡಿತು. ಬಾಗಿಲು ತೆರೆದಿತ್ತು. ತೆರೆದ ಬಾಗಿಲನ್ನು ಅವಳು ಕಂಡದ್ದು ಅದೇ ಮೊದಲು. ಗಂಟೆ ಇನ್ನೂ ಆಗಿರಲಿಲ್ಲ.

ಆಗ ಹಿಂದಿನ ದಡದಿಂದ ಒಂದು ಕೂಗು ಬಂತು. "ಓ ಅಂಬಿಗಾ."

ಸೊಪ್ಪು ಮಾರುವ ಮುದುಕಿ. ಪಾಠಶಾಲೆಯ ಅಡುಗೆಮನೆಗೂ ಸೊಪ್ಪು ಕೊಡುತ್ತಿದ್ದವಳು ಅವಳೇ. ತಲೆಯ ಮೇಲೆ ಬುಟ್ಟಿ, ಕಾಲು ನೀರಿನಲ್ಲಿ.

ತಂದೆ ತಿರುಗಿ ನೋಡಲಿಲ್ಲ. "ಕೇಳಿಸಲಿಲ್ಲ ಅಂದುಕೋ," ಎಂದ. "ಹಾಕು ಹುಟ್ಟು."

ಕುಂಬಾರನೂ, "ಒಂದು ದಿನ ಆ ಮುದುಕಿ ಸೊಪ್ಪು ಮಾರದಿದ್ದರೆ ಊರು ಉಪವಾಸ ಬೀಳುತ್ತಾ? ನಡಿ ತಾಯಿ," ಎಂದ. ಅಂದು ಅವನು ಚುಡಾಯಿಸಲಿಲ್ಲ.

ಮಗಳು ಬಾಗಿಲನ್ನು ನೋಡಿದಳು. ಹುಟ್ಟನ್ನು ನೀರಿನಲ್ಲಿ ಹಾಗೇ ಹಿಡಿದಳು. ಒಂದು ಹುಟ್ಟು ನಿಂತರೆ ಹರಿಗೋಲು ಮುಂದೆ ಹೋಗುವುದಿಲ್ಲ, ತಿರುಗುತ್ತದೆ. ತಿರುಗಿತು. ತಂದೆ ತನ್ನ ಹುಟ್ಟನ್ನೂ ಹಿಂದಕ್ಕೆ ಹಾಕಿದ.

ಮುದುಕಿ ಬುಟ್ಟಿ ಇಳಿಸುತ್ತ, "ಇವತ್ತೇನು ಕೂಗಲೇ ಇಲ್ಲ? ನಾನು ಸತ್ತೆ ಅಂದುಕೊಂಡಿರಾ?" ಎಂದಳು. ಅವರು ಮತ್ತೆ ನಡುಹೊಳೆಗೆ ಬಂದಾಗ ಗಂಟೆಯ ಸದ್ದು ನೀರ ಮೇಲೆ ಬಂತು.

ಅಂದು ಅವಳು ಬಾಗಿಲ ಸಂದಿಗೆ ಕಣ್ಣಿಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪ್ರಾರ್ಥನೆ ಒಬ್ಬರಿಂದ ಒಬ್ಬರಿಗೆ ಬಂದು ಚಾಪೆಯನ್ನು ತಲುಪಿತು. ಆಚಾರ್ಯ ಬಾಯಿ ತೆರೆದ. ಅವಳೂ ತೆರೆದಳು. ಹೊಳೆಗೆ ದಡ ಎರಡು ಎಂಬಲ್ಲಿಯವರೆಗೆ ಎರಡು ದನಿ ಇತ್ತು. ನೀರು ಒಂದೇ ಎಂಬಲ್ಲಿ ಅವಳ ದನಿ ಮಾತ್ರ ಇತ್ತು.

ಅವಳ ಸಾಲಿನ ಮುಂದಿನದನ್ನು ಯಾರೂ ಹಿಡಿಯಲಿಲ್ಲ. ಮಾಲೆ ಕಡಿಯಿತು. ಆಚಾರ್ಯ ಎದ್ದು ಬಂದು ತಾನೇ ಬಾಗಿಲು ತೆಗೆದ.

"ಹೇಳಿದ್ದು ನೀನಾ ತಾಯಿ? ಯಾರು ಕಲಿಸಿದರು?"

"ನೀವೇ ಅಯ್ಯಾ. ನನ್ನ ಪಾಲಿನದನ್ನ ದಿನಾ ನೀವು ಹೇಳ್ತಿದ್ದಿರಲ್ಲ. ಇಲ್ಲೇ ನಿಂತು ಕೇಳಿಸಿಕೊಂಡೆ."

"ನಿನಗಾಗಿ ಚಾಪೆ ಹಾಸಿ ಕಾಯುತ್ತಿದ್ದೇನೆ. ಒಳಗೆ ಬರದೆ ಹೊರಗೆ ಏಕೆ ನಿಂತೆ?"

"ನಮ್ಮ ಹರಿಗೋಲು ಬರೋ ಹೊತ್ತಿಗೆ ನಿಮ್ಮ ಗಂಟೆ ಆಗಿರುತ್ತೆ."

"ಸ್ವಲ್ಪ ಬೇಗ ಹೊರಡಬಾರದೆ?"

"ಹೊರಡಬಹುದು ಅಯ್ಯಾ," ಎಂದಳು ಅವಳು. "ಇವತ್ತು ಹೊರಟಿದ್ದೆವು. ನಿಮ್ಮ ಬಾಗಿಲು ತೆರೆದಿರೋದನ್ನೂ ಕಂಡೆ. ಅಜ್ಜಿ ಕೂಗಿದಳು."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಕಡವಿನಿಂದ ತಂದೆ ಕರೆದ. ಅವಳು ಬಗ್ಗಿ ನಮಸ್ಕರಿಸಿ, ಒಳಗೆ ಹಾಸಿದ್ದ ಚಾಪೆಯನ್ನು ಒಮ್ಮೆ ಇಡಿಯಾಗಿ ನೋಡಿ ಹೊರಟುಹೋದಳು.

ಆಚಾರ್ಯ ಬಾಗಿಲಲ್ಲೇ ನಿಂತ. ಹರಿಗೋಲು ಚಿಕ್ಕದಾಗುತ್ತ ಹೋಯಿತು. ಆಮೇಲೆ ತಿರುಗಿ ಗಂಟೆಯನ್ನು ನೋಡಿದ. ಅದು ಒಳಗೋಡೆಯ ಬಳಿ ತೂಗುತ್ತಿತ್ತು. ಅದನ್ನು ಹೊಡೆಯುವವನು ಅಲ್ಲಿ ನಿಂತರೆ ಅವನಿಗೆ ಚಾಪೆಗಳೆಲ್ಲ ಕಾಣುತ್ತಿದ್ದವು. ಹೊಳೆ ಕಾಣುತ್ತಿರಲಿಲ್ಲ.

ದಾಕ್ಷಾಯಣಮ್ಮ ಇಷ್ಟು ಹೇಳಿ ನಿಲ್ಲಿಸಿದರು. ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಕಡೆ ಮಾಡಿದರು.

ಮಂದಾಕಿನಿ ಸುಲಿಯುವುದನ್ನು ಬಿಟ್ಟು ಬಹಳ ಹೊತ್ತಾಗಿತ್ತು. "ಆಮೇಲೆ? ಮಾರನೆಯ ದಿನ ಅವಳು ಚಾಪೆಯ ಮೇಲೆ ಕುಳಿತಳೆ ಅಮ್ಮ? ಗಂಟೆಯನ್ನು ಹರಿಗೋಲು ಬರುವವರೆಗೆ ತಡೆದರೇ?"

ದಾಕ್ಷಾಯಣಮ್ಮ ತಲೆಯೆತ್ತಿ ಅವಳನ್ನು ನೋಡಿದರು.

"ಕೇತಮ್ಮನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಮಂದಾಕಿನಿ?"

ಮಂದಾಕಿನಿಗೆ ಅದು ಗೊತ್ತಿರಲಿಲ್ಲ.